ನನ್ನ ಸೋಮವಾರದ ಮೌನ

ಕೊಟ್ಟೂರು ಬಸವೇಶ್ವರನ ಪಾದಕ್ಕೆ ಶರಣು. ಅಪ್ಪಾ, ಬಾಯಿ ಕೊಟ್ಟವನು ನೀನು, ವಾರಕ್ಕೊಂದು ದಿನ ಅದನ್ನು ಮುಚ್ಚಿಸಿದವನೂ ನೀನು. ಇದನ್ನು ಬರೆದು ಮುಗಿಸುವ ತನಕ ನನ್ನನ್ನು ಹದ್ದುಬಸ್ತಿನಲ್ಲಿಡು.

ಕೊಟ್ಟೂರು ಬಜಾರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಅಂಗಡಿ ಅಂದಮೇಲೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ನನಗೆ ಮಾತ್ರ ಅದೆಲ್ಲ ಹೆಚ್ಚಾಗಿ ಸೋಮವಾರವೇ ನಡೆದಿದೆ.

ಹರಕೆ

ಆಗ ಮಗಳಿಗೆ ಮೂರು ವರ್ಷ. ಜ್ವರ ಬಂದು ಎಂಟು ದಿನವಾದರೂ ಇಳಿಯಲಿಲ್ಲ. ಡಾಕ್ಟರೂ ಕೈಚೆಲ್ಲುವ ಹಾಗೆ ಕಂಡರು. ನಾನು ಗುಡಿಗೆ ಹೋಗಿ ಕೂತೆ. ದೇವರಿಗೆ ಏನು ಕೊಡುವುದು? ನನ್ನಲ್ಲಿ ಹೇರಳವಾಗಿದ್ದದ್ದು ಮಾತೊಂದೇ. ‘ಕೂಸು ಎದ್ದು ಕುಂತರೆ, ಪ್ರತಿ ಸೋಮವಾರ ಸಂಜೆ ದೀಪ ಹಚ್ಚುವ ತನಕ ಬಾಯಿ ತೆರೆಯುವುದಿಲ್ಲ’ ಎಂದು ಬೇಡಿಕೊಂಡೆ. ಎರಡೇ ದಿನಕ್ಕೆ ಕೂಸು ಎದ್ದು ಮಂಡಕ್ಕಿ ಕೇಳಿತು.

ಹರಕೆಯ ವಿಷಯ ಕೇಳಿ ಮನೆಯವಳು ಕಣ್ಣೊರೆಸಿಕೊಂಡಳು. “ತೆಂಗಿನಕಾಯಿ ಬೇಡ್ಕಂಡಿದ್ರ ನಮಗ ಒಂದು ಹೋಳು ಸಿಗತಿತ್ತು. ಇದು ಹಂಗಲ್ರಿ, ಓಣಿಗೆಲ್ಲ ಪ್ರಸಾದ” ಅಂದಳು.

ಗೋಣು

ಮನೆಯವಳು ವಾರದ ಬೇಡಿಕೆಗಳನ್ನೆಲ್ಲ ಕೂಡಿಸಿಟ್ಟು ಸೋಮವಾರ ಮುಂಜಾನೆ ಹೇಳುವುದನ್ನು ಕಲಿತಳು. ನಾನು ಎದುರಾಡುವ ಹಾಗಿಲ್ಲ. ದೇವರ ದಿನ ಮುಖ ಗಂಟಿಕ್ಕುವುದೂ ತಪ್ಪು. ಹೀಗಾಗಿ ಗೋಣು ಹಾಕುತ್ತಿದ್ದೆ. ನಮ್ಮ ಮನೆಯ ಮಿಕ್ಸಿ, ಗ್ಯಾಸ್ ಒಲೆ, ಧರ್ಮಸ್ಥಳದ ಯಾತ್ರೆ, ಎಲ್ಲ ನನ್ನ ಭಕ್ತಿಯ ಫಲ.

ಸೀರೆ

ಒಂದು ಸೋಮವಾರ ಕೂಡ್ಲಿಗಿ ಕಡೆಯ ಅಜ್ಜಿಯೊಬ್ಬಳು ಬಂದು ಸೊಸೆಗೆ ಸೀರೆ ಆರಿಸಿದಳು. “ಬಣ್ಣ ಹೋಗತೈತೇನೋ ತಮ್ಮಾ?” ಎಂದು ಕೇಳಿದಳು. ದೇವರಾಣೆಗೂ ಹೋಗುವುದಿಲ್ಲ ಅನ್ನುವ ಅರ್ಥದಲ್ಲಿ ನಾನು ಗೋಡೆಯ ಮೇಲಿದ್ದ ಬಸವೇಶ್ವರನ ಪಟದ ಕಡೆ ತಿರುಗಿ ಕೈ ಮುಗಿದೆ.

“ಅಯ್ಯ, ಇವನೇ ದೇವ್ರ ಮ್ಯಾಲೆ ಭಾರ ಹಾಕಿದ” ಅಂದವಳೇ ಸೀರೆ ಅಲ್ಲೇ ಇಟ್ಟು ಹೊರಟುಹೋದಳು.

ಅಜ್ಜಿ ಊರಲ್ಲೇ ತನ್ನ ಮಗಳ ಮನೆಯಲ್ಲಿ ಉಳಿದಿದ್ದಳಂತೆ. ಮರುದಿನ ಅದೇ ದಾರಿಯಲ್ಲಿ ಹೋಗುತ್ತಿದ್ದವಳನ್ನು ಕರೆದು ಕೂಡಿಸಿದೆ. ನೂಲು ಎಂಥದ್ದು, ಬಣ್ಣ ಎಂಥದ್ದು, ನೇಯ್ದವರು ಯಾರು, ಎಲ್ಲ ಹೇಳಿದೆ. ಅಜ್ಜಿ ಎರಡು ಸಲ ಆಕಳಿಸಿದಳು. ಕೊನೆಗೆ ಕೈ ಅಡ್ಡ ಹಿಡಿದು, “ತಮ್ಮಾ, ನೀ ನಿನ್ನೆ ಇದ್ದಂಗ ಇರು, ಎರಡು ಸೀರಿ ತಗೊಂತೀನಿ” ಅಂದಳು.

ಬೀಗರು

ಆ ಕೂಸು ಬೆಳೆದು ಮದುವೆಗೆ ಬಂದಳು. ಹರಪನಹಳ್ಳಿಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಮೇಷ್ಟ್ರು, ಅವನ ಅಪ್ಪನದು ಎಣ್ಣೆ ಗಾಣ. ಮಗಳೂ ಫೋಟೋವನ್ನು ಎರಡು ಸಲ ನೋಡಿದ್ದಳು. ಗುರುವಾರ ಬರುತ್ತೇವೆ ಅಂದಿದ್ದವರು ದೇವರ ದರ್ಶನಕ್ಕೆಂದು ಸೋಮವಾರವೇ ಕೊಟ್ಟೂರಿಗೆ ಬಂದು, ಹಾಗೇ ನಮ್ಮ ಮನೆಗೂ ಬಂದುಬಿಟ್ಟರು. ಮನೆಯವಳು ಒಳಗೆ ಮಿರ್ಚಿ ಕರಿಯುತ್ತಿದ್ದಳು, ಮಗಳು ಚಹಾ ಕೊಟ್ಟು ಒಳಗೆ ಹೋದಳು. ನನ್ನ ಮೌನ ಕೊಟ್ಟೂರಿಗೆಲ್ಲ ಗೊತ್ತು. ಹರಪನಹಳ್ಳಿಗೆ ಗೊತ್ತಿಲ್ಲ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಹುಡುಗನ ಅಪ್ಪ “ವ್ಯಾಪಾರ ಹೆಂಗೈತ್ರಿ?” ಅಂದರು. ನಾನು ಎರಡೂ ಕೈ ಮೇಲೆತ್ತಿ ದೇವರನ್ನು ತೋರಿಸಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ತಾವೂ ಕೈಸನ್ನೆ ಶುರುಮಾಡಿದರು. ಬೆರಳು ತೋರಿಸಿ ಮಕ್ಕಳೆಷ್ಟು ಎಂದು ಕೇಳಿದರು, ತಾಳಿ ಕಟ್ಟುವ ಹಾಗೆ ಕೈ ಮಾಡಿ ಮದುವೆ ಯಾವಾಗ ಎಂದು ಕೇಳಿದರು. ನನ್ನ ವ್ರತಕ್ಕೆ ಎಷ್ಟು ಮರ್ಯಾದೆ ಕೊಡುತ್ತಾರಲ್ಲ ಎಂದು ನನ್ನ ಮನಸ್ಸು ತುಂಬಿ ಬಂತು. ಹೊರಡುವಾಗ ಅವರು ನನ್ನ ಭುಜ ತಟ್ಟಿ ಕಣ್ಣೀರು ತಂದುಕೊಂಡರು. ನಾನೂ ತಂದುಕೊಂಡೆ.

ಮರುದಿನ ಹುಡುಗನ ಅಪ್ಪನ ಫೋನು. “ಹುಡುಗಿ ಒಪ್ಪಿಗಿ ಅಂತ ಮನ್ಯಾಗ ಹೇಳ್ರಿ” ಅಂದರು. ಸಂತೋಷಕ್ಕೆ ನಾನು ದೇವರಿಂದ ಶುರುಮಾಡಿ ಛತ್ರ, ಅಡಿಗೆ, ವಾಲಗದ ತನಕ ಒಂದೇ ಉಸಿರಿಗೆ ಹೇಳಿದೆ.

“ತಾವು ಯಾರ್ರಿ ಮಾತಾಡಾದು?”

“ನಾನ್ರಿ, ಹುಡುಗಿ ಅಪ್ಪ.”

“ಅಪ್ಪಗ ಮಾತು ಬರಲ್ಲಲ್ರಿ!”

ಮೋಸ ಮಾಡಿದರು ಅಂದುಕೊಂಡರೆ ಸಂಬಂಧ ಅಲ್ಲಿಗೇ ಮುಗಿಯಿತು. ಪಕ್ಕದಲ್ಲಿ ನಿಂತಿದ್ದ ಮಗಳು ಸಣ್ಣ ದನಿಯಲ್ಲಿ, “ಅಪ್ಪಾ, ನನ್ನ ಉಳಿಸಾಕ ಹಿಡಿದ ಮೌನ ನನ್ನ ಮದುವಿ ಕೆಡಸತೈತೇನು?” ಅಂದಳು.

ನಾನು ಜ್ವರ, ಗುಡಿ, ಹರಕೆ ಎಲ್ಲ ಹೇಳಿದೆ. ಜೀವಮಾನದಲ್ಲಿ ಅಷ್ಟು ಕಡಿಮೆ ಮಾತಿನಲ್ಲಿ ಏನನ್ನೂ ಹೇಳಿರಲಿಲ್ಲ.

“ಪಾಪ ಮಾತಿಲ್ಲದ ಮನುಷ್ಯ, ಮಗಳನ್ನ ಎಷ್ಟು ಚೆನ್ನಾಗಿ ಬೆಳೆಸ್ಯಾನ ಅಂತ ನಮ್ಮ ಮನ್ಯಾಗ ಎಲ್ಲಾರೂ ಅತ್ತಿದ್ವಿ. ಮಗಳ ಸಲುವಾಗಿ ಇಷ್ಟು ವರ್ಷ ಬಾಯಿ ಕಟ್ಟೀರಿ ಅಂದ್ರ ಅದಕ್ಕಿಂತ ದೊಡ್ಡ ಮನಿತನ ನಾವೆಲ್ಲಿ ಹುಡುಕಾನ್ರಿ? ಸಂಬಂಧ ಗಟ್ಟಿ” ಅಂದರು. ನಾನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ, “ಒಂದು ಮಾತು ನಡೆಸಿಕೊಡ್ರಿ. ಮದುವಿ ಮಾತುಕತಿ ಎಲ್ಲಾ ಸೋಮವಾರನ ಇಟ್ಕಳಾನು” ಎಂದು ಸೇರಿಸಿದರು.

ಮಗಳಿಗೆ ಈಗ ಇಬ್ಬರು ಮಕ್ಕಳು. ಬೀಗರು ಇವತ್ತಿಗೂ ನಮ್ಮ ಮನೆಗೆ ಬರುವುದು ಸೋಮವಾರವೇ.

ನನ್ನ ಮಾತು ಇಷ್ಟು ಹೊತ್ತು ಸಹಿಸಿದ ನಿಮ್ಮೆಲ್ಲರ ಮಕ್ಕಳು ಮರಿ ತಣ್ಣಗಿರಲಿ, ಆ ತಂದೆ ಬಸವೇಶ್ವರ ನಿಮ್ಮ ಮನೆಯ ದೀಪ ಕಾಯಲಿ.