ಮರಿಸ್ಕಾಲನ ಚೌಲ

ಆ ದಿನದ ಅನರ್ಥಕ್ಕೆಲ್ಲ ಮೂಲ ಒಂದೇ ಒಂದು ಕೂದಲು. ದೋನ್ಯಾ ಕಾಸಿಮಿರಾಳ ಕಪ್ಪು ದುಂಡುಟೋಪಿಯ ನೆತ್ತಿಯ ಮೇಲೆ, ಅಮಾವಾಸ್ಯೆಯ ಆಕಾಶದಲ್ಲಿ ದಾರಿ ತಪ್ಪಿದ ಬಿದಿಗೆ ಚಂದ್ರನಂತೆ, ಅದು ಬೆಳ್ಳಗೆ ಬಾಗಿ ಮಲಗಿತ್ತು.

"ನಾನು ರಿಪೇರಿಗೆ ಕೊಟ್ಟಿದ್ದು ಟೋಪಿ, ದೋನ್ ಎವಾರಿಸ್ಟೊ," ಎಂದಳು ಆಕೆ. "ನೀವು ವಾಪಸ್ ಕೊಡ್ತಿರೋದು ನಾಯೀನ."

ಎವಾರಿಸ್ಟೊ ಉತ್ತರ ಹೇಳಲು ಬಾಯಿ ತೆರೆದ. ಉತ್ತರದ ಬದಲು ಸೀನು ಬಂತು. ಅದರ ಬೆನ್ನಿಗೆ ಇನ್ನೊಂದು, ಅದರ ಬಾಲ ಹಿಡಿದು ಮತ್ತೊಂದು. ಕಾಸಿಮಿರಾ ಮೂರು ಸೀನಿನವರೆಗೆ "ದೇವರು ಕಾಪಾಡಲಿ" ಎಂದು ಹರಸಿದಳು. ನಾಲ್ಕನೆಯದಕ್ಕೆ ದೇವರಿಗೂ ಬೇಸರವಾದೀತೆಂದು ಸುಮ್ಮನಾಗಿ, ಟೋಪಿಯನ್ನು ಅಲ್ಲೇ ಕೊಡವಿ, ತಲೆಗೇರಿಸಿಕೊಂಡು, ಗೋಡೆಯಾಚೆಯ ತನ್ನ ಮನೆಗೆ ಹೊರಟುಹೋದಳು.

ಲಾ ಪಾಸ್ ನಗರದ ಮೇಲಣ ಇಳಿಜಾರಿನಲ್ಲಿ, ಮೆಟ್ಟಿಲುಗಳೇ ಬೀದಿಯಾಗಿರುವ ಆ ಕೇರಿಯಲ್ಲಿ, ಹಳೆಯ ಟೋಪಿಗಳಿಗೆ ಹಬೆ ಕೊಟ್ಟು, ಅಚ್ಚಿಗೆ ಏರಿಸಿ, ಹೊಸ ಮರ್ಯಾದೆ ಕರುಣಿಸುವವನು ಎವಾರಿಸ್ಟೊ ಒಬ್ಬನೇ. ಊರ ಹೆಂಗಸರ ತಲೆಗೆಲ್ಲ ಮರ್ಯಾದೆ ಹಂಚಿದ ಈ ಮನುಷ್ಯನಿಗೆ ಸ್ವಂತ ಮನೆಯಲ್ಲಿ ತಲೆಯಿಡಲು ಜಾಗವಿರಲಿಲ್ಲ. ಮಲಗುವ ಕೋಣೆ ಮರಿಸ್ಕಾಲನ ವಶದಲ್ಲಿತ್ತು.

ಮರಿಸ್ಕಾಲ್ ಎಂದರೆ ಮಹಾದಂಡನಾಯಕ. ಇವನು ಗೆದ್ದ ಯುದ್ಧ ಯಾವುದೂ ಇಲ್ಲ; ಆದರೆ ಇವನು ಆಕ್ರಮಿಸದ ನೆಲವೂ ಆ ಮನೆಯಲ್ಲಿ ಇರಲಿಲ್ಲ. ಅರಳೆಯ ಮೂಟೆಗೆ ನಾಲ್ಕು ಕಾಲು ಮೂಡಿದಂತಿದ್ದ ಈ ನಾಯಿಯ ಕೂದಲು ಸೂಪಿನಲ್ಲಿ ತೇಲುತ್ತಿತ್ತು, ರೊಟ್ಟಿಯಲ್ಲಿ ಬೇಯುತ್ತಿತ್ತು, ಮಾತೆ ಮೇರಿಯ ಮುಂದಿನ ಮೇಣದಬತ್ತಿಯಲ್ಲಿ ಚಿಟಚಿಟನೆ ಉರಿಯುತ್ತಿತ್ತು. ಇಷ್ಟು ಉದುರಿದ ಮೇಲೂ ನಾಯಿಯ ಮೈಮೇಲೆ ಮಾತ್ರ ಒಂದೆಳೆಯೂ ಕಡಿಮೆಯಾಗುತ್ತಿರಲಿಲ್ಲ.

ವೈದ್ಯರು ಎವಾರಿಸ್ಟೊನ ಮೂಗನ್ನೂ ಕೆಂಡದಂಥ ಕಣ್ಣನ್ನೂ ನೋಡಿ, ಮನೆಯಲ್ಲಿ ಒಂದೋ ನಾಯಿ ಇರಬೇಕು, ಇಲ್ಲವೇ ನೀವು, ಎಂದು ತೀರ್ಪು ಕೊಟ್ಟಿದ್ದರು. ಅವನು ಅದನ್ನು ಹೆಂಡತಿ ಫೆಲಿಸಾಳ ಮುಂದಿಟ್ಟ. ಅವಳು ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. ತೀರ್ಮಾನಕ್ಕಿಂತ ಆ ಯೋಚನೆಯ ಉದ್ದವೇ ಅವನನ್ನು ಹೆಚ್ಚು ನೋಯಿಸಿತು.

"ಮರಿಸ್ಕಾಲನಿಗೆ ಜಾಗ ಬದಲಾದ್ರೆ ನಿದ್ದೆ ಬರಲ್ಲ," ಎಂದಿದ್ದಳು ಕೊನೆಗೆ. "ನಿನಗಾದ್ರೆ ಎಲ್ಲಿ ಬೇಕಾದ್ರೂ ಬರುತ್ತೆ."

ಹೀಗೆ ಮದುವೆಗೆಂದು ತಾನೇ ಮಾಡಿಸಿದ ಮಂಚವನ್ನು ಬಿಟ್ಟು, ಒಣಗಿಸಿದ ಆಲೂಗೆಡ್ಡೆಯ ಚೀಲಗಳ ಉಗ್ರಾಣಕ್ಕೆ ಗಂಡನ ಗಡೀಪಾರಾಯಿತು. ನಾಯಿಯನ್ನು ಬೆಚ್ಚನೆಯ ಕಣಿವೆಯ ಊರಿನಲ್ಲಿರುವ ತನ್ನ ಸೋದರಸಂಬಂಧಿಯ ತೋಟಕ್ಕೆ ಕಳಿಸೋಣವೆಂದು ಅವನು ಸೂಚಿಸಿದ್ದುಂಟು. ಫೆಲಿಸಾ ಅಂದು ಒಲೆ ಹೊತ್ತಿಸಲಿಲ್ಲ. ಕೊನೆಗೆ ಒಪ್ಪಂದವಾದದ್ದು ಇಷ್ಟು: ನಾಯಿಯ ಕೂದಲಿನ ಕಾಟ ತೀರಿದ ದಿನ ಗಂಡ ಮಂಚಕ್ಕೆ ಮರಳಬಹುದು.

ಕಾಸಿಮಿರಾಳ ಟೋಪಿಯ ಕೂದಲನ್ನು ಕಂಡ ಆ ಬೆಳಿಗ್ಗೆ ಎವಾರಿಸ್ಟೊನಿಗೆ ಜ್ಞಾನೋದಯವಾಯಿತು. ಉದುರುವುದನ್ನು ಕಾಯುವುದೇಕೆ? ಬೋಳಿಸಿದರಾಯಿತಲ್ಲ. ಇಂದು ಕೂದಲು ಹೋದರೆ ಇಂದೇ ಮಂಚ.

ಅಂದು ಸಂತ ರೋಕೆಯ ಹಬ್ಬ. ಊರಿನ ನಾಯಿಗಳಿಗೆಲ್ಲ ಹುಟ್ಟುಹಬ್ಬ. ಹಬ್ಬಕ್ಕೆಂದು ಪ್ರಸ್ಥಭೂಮಿಯ ಹಳ್ಳಿಯಿಂದ ಅತ್ತೆ ದೋನ್ಯಾ ಇಲಾರಿಯಾ ಬಂದಿದ್ದಳು. ತಾಯಿಯೂ ಮಗಳೂ ಕೂಡಿ ಮರಿಸ್ಕಾಲನ ಮೈಕೂದಲನ್ನು ಗೊಂಚಲು ಗೊಂಚಲಾಗಿ ಹಿಡಿದು, ಒಂದೊಂದಕ್ಕೂ ಬಣ್ಣದ ರಿಬ್ಬನ್ ಕಟ್ಟಿ ಅಂಗಳದಲ್ಲಿ ಕೂರಿಸಿದ್ದರು. ಅವರು ಅಡಿಗೆಮನೆಗೆ ಹೋದದ್ದೇ ತಡ, ಎವಾರಿಸ್ಟೊ ಎದುರುಮನೆಯ ಕ್ಷೌರಿಕ ಫ್ರೊಯ್ಲಾನನನ್ನು ಕರೆತಂದ. ಫ್ರೊಯ್ಲಾನ್ ಶಿಸ್ತಿನ ಮನುಷ್ಯ, ಕತ್ತರಿಯನ್ನು ನೆಲಕ್ಕಿಡುವವನಲ್ಲ. ಒಂದು ತಟ್ಟೆ ಕೇಳಿ, ಅದರ ಮೇಲೆ ಬಿಳಿಬಟ್ಟೆ ಹಾಸಿ, ಕತ್ತರಿಯನ್ನು ಅದರಲ್ಲಿಟ್ಟ.

ಗೋಡೆಯ ಮೇಲೆ ದುಂಡುಟೋಪಿಯೊಂದು ಉದಯಿಸಿತು.

ರಿಬ್ಬನ್ನಿನಲ್ಲಿ ಕಟ್ಟಿದ ಕೂದಲ ಗೊಂಚಲುಗಳು, ತಟ್ಟೆಯಲ್ಲಿ ಕತ್ತರಿ, ಪಕ್ಕದಲ್ಲಿ ಮನೆಯ ಯಜಮಾನ. ಆ ಬೆಟ್ಟದ ಮೇಲೆ ಹುಟ್ಟಿದ ಯಾರಿಗೂ ಇದರ ಅರ್ಥ ಒಂದೇ: ರುತುಚಾ, ಮಗುವಿನ ಮೊದಲ ಕೂದಲು ತೆಗೆಯುವ ಚೌಲ. ನೆಂಟರಿಷ್ಟರು ಒಬ್ಬೊಬ್ಬರೂ ಒಂದೊಂದು ಗೊಂಚಲು ಕತ್ತರಿಸಬೇಕು. ಮೊದಲು ಕತ್ತರಿಸಿದವರು ಮಗುವಿಗೆ ಧರ್ಮದ ತಂದೆತಾಯಿ, ಮಗುವಿನ ಹೆತ್ತವರಿಗೆ ಸತ್ತರೂ ಬಿಡದ ನಂಟು.

"ನಮ್ಮಿಬ್ಬರಿಗೂ ಗೋಡೆ ಒಂದೇ, ಮನಸ್ಸು ಮಾತ್ರ ಬೇರೆ ಅಂತ ಇವತ್ತು ಗೊತ್ತಾಯ್ತು," ಎಂದಿತು ಟೋಪಿಯ ಕೆಳಗಿನ ನೊಂದ ದನಿ. "ಇರೋದು ಒಬ್ಬ ಮಗ. ಅವನ ರುತುಚಾಕ್ಕೂ ನಮಗೆ ಹೇಳಿಕಳಿಸಲಿಲ್ಲ."

"ಇದು ರುತುಚಾ ಅಲ್ಲ ದೋನ್ಯಾ ಕಾಸಿಮಿರಾ, ಇದು ಬರೀ… ಬರೀ…"

ಮುಂದಿನದು ಸೀನಿನಲ್ಲಿ ಕೊಚ್ಚಿಹೋಯಿತು. ಕಣ್ಣಿಂದ ಧಾರಾಕಾರ ನೀರು ಇಳಿಯಿತು. ಕಾಸಿಮಿರಾಳ ಮುನಿಸು ಅಲ್ಲೇ ಕರಗಿತು.

"ನೋಡಿ ದೋನ್ ಫ್ರೊಯ್ಲಾನ್," ಎಂದಳು ಮೆತ್ತಗೆ. "ತಂದೆಯ ಕರುಳು ಅಂದ್ರೆ ಇದೇ."

ಕರುಳಿನ ಸುದ್ದಿ ಮೆಟ್ಟಿಲುಗಳನ್ನು ಹತ್ತಿ ಇಳಿಯಲು ಹೆಚ್ಚು ಸಮಯ ಹಿಡಿಯಲಿಲ್ಲ. ಅಂಗಳ ತುಂಬಿತು. ಒಬ್ಬರು ಜೋಳದ ಹೆಂಡದ ಕೊಡ ತಂದರು, ಒಬ್ಬರು ಬಣ್ಣದ ಕಾಗದದ ಚೂರುಗಳನ್ನು ತಂದು ನಾಯಿಯ ತಲೆಗೂ ತಂದೆಯ ತಲೆಗೂ ಪಕ್ಷಪಾತವಿಲ್ಲದೆ ಸುರಿದರು. ಎವಾರಿಸ್ಟೊ ಎಲ್ಲರೆದುರು ನಿಂತು, ಇದು ನಾಯಿ, ನಾನು ಇದರ ತಂದೆಯಲ್ಲ, ಎಂದು ಸಾರಿಬಿಡಲು ನಿಶ್ಚಯಿಸಿದ. ಅಷ್ಟರಲ್ಲಿ ಫೆಲಿಸಾ ಅಡಿಗೆಮನೆಯಿಂದ ಹೊರಬಂದಳು.

ಅವಳು ಮದುವೆಯ ಶಾಲು ಹೊದ್ದಿದ್ದಳು. ಆ ಮನೆಯಲ್ಲಿ ತೊಟ್ಟಿಲು ಎಂದೂ ತೂಗಲಿಲ್ಲ. ಕೇರಿಯ ಎಲ್ಲ ಮಕ್ಕಳ ರುತುಚಾಕ್ಕೂ ಉಡುಗೊರೆ ಹೊತ್ತು ಹೋದವಳು, ತನ್ನ ಅಂಗಳದಲ್ಲಿ ಜನ ಕೂಡಿದ್ದನ್ನು ಬಾಗಿಲಲ್ಲೇ ನಿಂತು ನೋಡಿದಳು. ಎಷ್ಟೋ ಚಳಿಗಾಲಗಳ ಹಿಂದೆ ನಂದಿದ್ದ ದೀಪವೊಂದು ಅವಳ ಮುಖದಲ್ಲಿ ಮೆಲ್ಲಗೆ ಕುಡಿಯೊಡೆಯಿತು.

ಎವಾರಿಸ್ಟೊ ಬಾಯಿ ಮುಚ್ಚಿದ. ಆ ದಿನ ಅವನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ಆದ್ದರಿಂದ ಹೆಚ್ಚಿನ ದಂಡವೂ ಅದಕ್ಕೇ ಬಿತ್ತು.

ಕಾಸಿಮಿರಾ ಮೊದಲ ಗೊಂಚಲು ಕತ್ತರಿಸಿ ಧರ್ಮತಾಯಿಯಾದಳು. ಮುಂದಿನ ಸಂತೆಗೆ ಧರ್ಮಪುತ್ರನಿಗೊಂದು ಕುರಿಮರಿಯನ್ನೂ ಕೊಡುವುದಾಗಿ ಸಾರಿದಳು. ನಾಯಿಗೆ ಬಂದ ಕುರಿಯನ್ನು ಮೇಯಿಸುವವರಾರೆಂದು ಯಾರೂ ಕೇಳಲಿಲ್ಲ. ಎಲ್ಲರೂ ಎವಾರಿಸ್ಟೊನ ಕಡೆ ನೋಡಿದರು. ಕೇರಿಯೆಲ್ಲ ಸರದಿಯಲ್ಲಿ ಬಂದು ಕತ್ತರಿಸಿತು. ಪ್ರತಿ ಕತ್ತರಿಗೂ ಕೂದಲು ಮೋಡದಂತೆ ಏಳುತ್ತಿತ್ತು, ಪ್ರತಿ ಮೋಡಕ್ಕೂ ಎವಾರಿಸ್ಟೊ ಮಳೆಗರೆಯುತ್ತಿದ್ದ, ಅವನ ಕಣ್ಣೀರು ಕಂಡು ಹೆಂಗಸರು ತಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಉಳಿದದ್ದನ್ನು ಫ್ರೊಯ್ಲಾನ್ ನುಣ್ಣಗೆ ಬೋಳಿಸಿ, ಎವಾರಿಸ್ಟೊನನ್ನು ಅಪ್ಪಿಕೊಂಡ.

"ಕತ್ತರಿ ಹಿಡಿದ ಮೇಲೆ ಇನ್ನು ನಾವೂ ಕೊಂಪಾದ್ರೆಗಳು, ಧರ್ಮದ ನೆಂಟರು," ಎಂದ. "ಕಣಿವೆಗೆ ಕಳಿಸೋ ಮಾತು ಇನ್ನೊಮ್ಮೆ ಎತ್ತಬೇಡಿ. ಧರ್ಮಪುತ್ರನನ್ನ ಕಳಿಸಿದ್ರೆ ಕೇರಿ ಸುಮ್ಮನಿರಲ್ಲ."

ಆ ದಾರಿಯೂ ಮುಚ್ಚಿತು. ಆದರೂ ಎವಾರಿಸ್ಟೊ ಕುಗ್ಗಲಿಲ್ಲ. ಸಿಪ್ಪೆ ಸುಲಿದ ಆಲೂಗೆಡ್ಡೆಯಂತೆ ನಿಂತಿದ್ದ ಮರಿಸ್ಕಾಲನ ಮೈಮೇಲೆ ಉದುರಲು ಒಂದೆಳೆಯೂ ಉಳಿದಿರಲಿಲ್ಲ. ಅತ್ತೆ ಅಂಗಳದ ಕೂದಲನ್ನೆಲ್ಲ ಒಂದೆಳೆ ಬಿಡದೆ ಆಯ್ದು, ಬೆನ್ನಿಗೆ ಕಟ್ಟುವ ತನ್ನ ಪಟ್ಟೆಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಮೊದಲ ಕೂದಲನ್ನು ಗಾಳಿಗೆ ತೂರಬಾರದು, ಬೆಂಕಿಗೆ ಹಾಕಬಾರದು ಎಂದು ಗೊಣಗುತ್ತಿದ್ದಳು. ಗಂಟು ಅವಳ ಜೊತೆ ಹಳ್ಳಿಗೆ ಹೋಗುವುದೆಂದು ತಿಳಿದು ಎವಾರಿಸ್ಟೊನಿಗೆ ಎಂದೂ ಹುಟ್ಟದ ಅತ್ತೆಪ್ರೀತಿ ಹುಟ್ಟಿತು. ಬಸ್ಸಿನವರೆಗೆ ತಾನೇ ಹೊತ್ತು ತರುವುದಾಗಿ ಹೇಳಿದ.

"ನಿನಗ್ಯಾಕಪ್ಪ ಆ ಚಿಂತೆ," ಎಂದಳು ಅತ್ತೆ. "ಅದು ಎಲ್ಲಿ ಸೇರಬೇಕೋ ನಾನು ಸೇರಿಸ್ತೀನಿ."

ಬೆಟ್ಟದ ಅಂಚಿನಲ್ಲಿ ಬಿಸಿಲು ಜಾರಿತು. ಆಗಸ್ಟಿನ ಚಳಿ, ಬಾಗಿಲು ತಟ್ಟದೆ ಒಳಬರುವ ನೆಂಟನಂತೆ, ಮನೆ ಹೊಕ್ಕಿತು. ಎವಾರಿಸ್ಟೊ ಮುಖ ತೊಳೆದು, ತಲೆ ಬಾಚಿ, ಮದುಮಗನ ನಡಿಗೆಯಲ್ಲಿ ಮಲಗುವ ಕೋಣೆಗೆ ಹೋದ.

ಮಂಚದಲ್ಲಿ, ಅವನ ಮಗ್ಗುಲಲ್ಲಿ, ಅವನ ಕಂಬಳಿಯಡಿ, ಅವನ ಉಣ್ಣೆಟೋಪಿ ತೊಟ್ಟು, ಮರಿಸ್ಕಾಲ್ ಗಡಗಡ ನಡುಗುತ್ತ ಮಲಗಿದ್ದ.

"ಹಾಗೆ ನೋಡಬೇಡ," ಎಂದಳು ಫೆಲಿಸಾ. "ಇಷ್ಟು ದಿನ ಮಂಚದ ಕೆಳಗೆ ಮಲಗ್ತಿದ್ದ ಪಾಪ. ಮೈಮೇಲಿದ್ದ ಹೊದಿಕೇನ ತೆಗೆಸಿದ್ದು ನೀನೇ ಅಲ್ವಾ?"

"ಕೂದಲು ಹೋದ್ರೆ ಬಾ ಅಂದಿದ್ದೆ."

"ಅಂದಿದ್ದೆ. ಈಗ ಕೂದಲು ಬರಲಿ, ಆಮೇಲೆ ಬಾ."

ಎವಾರಿಸ್ಟೊ ವಾದಿಸಲು ಬಗ್ಗಿದ. ಬೋಳುನಾಯಿಯ ಮೈಗಾಳಿ ತಾಗಿದ್ದೇ ತಡ, ಸೀನು ಸಾಲುಗಟ್ಟಿತು. ಕಾಟ ಕೂದಲಿನದಲ್ಲ, ತೊಗಲಿನ ಹೊಟ್ಟಿನದು, ಎಂದು ವೈದ್ಯರು ಅಂದೇ ಹೇಳಿದ್ದರು. ಅವನು ಆಗ ಸೀನುತ್ತಿದ್ದುದರಿಂದ ಕೇಳಿಸಿರಲಿಲ್ಲ.

ಸೋತ ಸೈನಿಕನಂತೆ ಉಗ್ರಾಣಕ್ಕೆ ಮರಳಿದ. ಅಲ್ಲಿ ಅಚ್ಚರಿ ಕಾದಿತ್ತು. ಯಾರೋ ಚೀಲಗಳನ್ನು ಸಮನಾಗಿ ಜೋಡಿಸಿ, ಶುಭ್ರವಾದ ಹಾಸು ಹಾಸಿ, ತಲೆಯ ಕಡೆ ದಪ್ಪನೆಯ ಹೊಸ ದಿಂಬೊಂದನ್ನು ಇಟ್ಟಿದ್ದರು. ಆಲೂಗೆಡ್ಡೆಯ ಮೇಲೆ ತಲೆಯಿಟ್ಟು ಕುತ್ತಿಗೆ ಮರಗಟ್ಟಿದ್ದ ಮನುಷ್ಯನ ಕಣ್ಣು, ನಾಯಿಯ ಸಹಾಯವಿಲ್ಲದೆಯೇ ಅಂದು ಮೊದಲ ಬಾರಿಗೆ ತೇವವಾಯಿತು. ಈ ಮನೆಯಲ್ಲೂ ತನ್ನನ್ನು ನೆನೆಯುವ ಜೀವವೊಂದಿದೆ. ಅವನು ಮಲಗಿದ. ದಿಂಬು ಮೋಡದಂತೆ ಅವನ ಮುಖವನ್ನು ಒಳಗೆ ಎಳೆದುಕೊಂಡಿತು. ಅವನು ತೃಪ್ತಿಯಿಂದ, ಎದೆತುಂಬ, ಉಸಿರೆಳೆದುಕೊಂಡ.

ಬಾಗಿಲಲ್ಲಿ ಅತ್ತೆ ಸೂಜಿದಾರ ಸುತ್ತಿಡುತ್ತಿದ್ದಳು.

"ಮೆತ್ತಗಿದೆಯಾ ಮಗನೇ? ಮೊದಲ ಕೂದಲು ತಂದೆಯ ತಲೆಯಡಿ ಇರಬೇಕು. ಆಗ ಮಗ ಮನೆ ಬಿಟ್ಟು ಹೋಗಲ್ಲ."

ಉಗ್ರಾಣ ನಡುಗಿತು. ಮಂಚದ ಕಡೆಯಿಂದ ಫೆಲಿಸಾ ಮೂರು ಬಾರಿ ಹರಸಿ ಸುಮ್ಮನಾದಳು. ಆಮೇಲೂ ನಿಲ್ಲದ ಸದ್ದಿಗೆ ಗೋಡೆಯಾಚೆ ಕಾಸಿಮಿರಾಳ ಕಿಟಕಿ ತೆರೆಯಿತು.

"ಪಾಪ," ಎಂದಿತು ಧರ್ಮತಾಯಿಯ ದನಿ, "ಸಂತೋಷಕ್ಕೆ ಇನ್ನೂ ಅಳ್ತಾನೇ ಇದ್ದಾರೆ."