ಅತ್ತೆಯವರ ಜಗಳವನ್ನು ಅಳೆದ ರಕ್ತದೊತ್ತಡ ಯಂತ್ರಕ್ಕೆ

ಮಾನ್ಯ ಯಂತ್ರ ಮಹಾಶಯರೇ,

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಚೀಟಿ ಕೊಡುವ ಕಿಟಕಿಯ ಪಕ್ಕದಲ್ಲೇ ವಿರಾಜಮಾನರಾಗಿ, ಬಂದವರ ತೋಳನ್ನೆಲ್ಲ ಭೇದವಿಲ್ಲದೆ ಹಿಂಡುತ್ತಿರುವ ತಮಗೆ ಹೊಲಿಗೆ ಕೆಲಸದ ಈ ಸೊಸೆಯ ಅನಂತ ನಮಸ್ಕಾರಗಳು. ತಮ್ಮ ಪಟ್ಟಿ ಗಾಳಿ ಸೋರದೆ ಕ್ಷೇಮವಾಗಿದೆಯೆಂದು ನಂಬಿದ್ದೇನೆ.

ನಮ್ಮ ಅತ್ತೆಯವರನ್ನು ತಾವು ಬಲ್ಲಿರಿ. ಲಿಫ್ಟು ಸಿಬ್ಬಂದಿಗೆ ಮಾತ್ರವಾದ್ದರಿಂದ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಸಾಲಿನ ನಡುವೆ ನುಸುಳಿದವರಿಗೆ "ಏನಪ್ಪಾ, ನಾವೇನು ಗೋಡೆಗೆ ಸುಣ್ಣ ಹೊಡೆಯೋಕೆ ನಿಂತಿದ್ದೀವಾ?" ಎಂದು ಗದರಿ, ಆ ಮಾತು ಮುಗಿಯುವ ಮುನ್ನವೇ ತಮಗೆ ತೋಳು ಒಪ್ಪಿಸುವವರು ಅವರೇ. ತಾವಾದರೋ ಮೆಟ್ಟಿಲು, ಸಾಲು, ಸಿಟ್ಟು ಎಲ್ಲವನ್ನೂ ಕೂಡಿಸಿ ಅದಕ್ಕೆ ರಕ್ತದೊತ್ತಡವೆಂದು ಹೆಸರಿಟ್ಟಿರಿ. ಪ್ರತಿ ಸಲವೂ ಬೇರೊಬ್ಬ ವೈದ್ಯರು ತಾವು ತೋರಿಸಿದ ಅಂಕಿಯನ್ನು ಅಶರೀರವಾಣಿಯಂತೆ ಸ್ವೀಕರಿಸಿ, ಹಳೆಯ ಮಾತ್ರೆಗಳನ್ನು ಹಾಗೇ ಬಿಟ್ಟು, ಹೊಸದೊಂದನ್ನು ಸೇರಿಸಿ ಕಳಿಸಿದರು. "ಮನೇಲಿ ಹೇಗಿರ್ತೀರಮ್ಮಾ?" ಎಂದು ಯಾರೂ ಕೇಳಲಿಲ್ಲ. ತಾವೂ ಕೇಳಲಿಲ್ಲ.

ಆ ಮಾತ್ರೆಗಳ ಮಹಿಮೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಮನೆಯಲ್ಲಿ ಜಗಳವೇ ನಿಂತುಹೋಯಿತು. ನಾನು ಬೇಕೆಂದೇ ಹಾಲು ಉಕ್ಕಿಸಿದರೂ ಅತ್ತೆಯವರು "ಹೋಗ್ಲಿ ಬಿಡಮ್ಮಾ" ಎಂದರು. ಮಹಾಶಯರೇ, ಹಾಲು ಒರೆಸುವುದನ್ನೂ ಬಿಟ್ಟು ಅವರ ಹಣೆ ಮುಟ್ಟಿ ನೋಡಿದೆ. ಮರುದಿನ ಹಾಸಿಗೆಯಿಂದ ಎದ್ದವರು ಕಣ್ಣು ಕತ್ತಲೆ ಬಂದು ಕುಸಿದರು; ನಾನು ಹಿಡಿದುಕೊಳ್ಳದಿದ್ದರೆ ಹೊಲಿಗೆ ಯಂತ್ರದ ಅಂಚಿಗೆ ತಲೆ ಬಡಿಯುತ್ತಿತ್ತು.

ಮತ್ತೆ ತಮ್ಮಲ್ಲಿಗೇ ಓಡಿಬಂದೆವು. ಅಂದು ಇದ್ದ ವೈದ್ಯೆ ಯಂತ್ರ ಮಹಾಶಯರಾದ ತಮ್ಮ ಘನತೆಯನ್ನು ಲೆಕ್ಕಿಸದೆ, ಅತ್ತೆಯವರನ್ನು ಒಳಕೋಣೆಯಲ್ಲಿ ಸುಮ್ಮನೆ ಕೂರಿಸಿ, ಕೂತಾಗೊಮ್ಮೆ ನಿಂತಾಗೊಮ್ಮೆ ಅಳೆದು, "ಅಯ್ಯೋ, ತುಂಬಾ ಇಳಿದುಹೋಗಿದೆಯಲ್ಲ ಅಜ್ಜಿ!" ಎಂದು ನಮ್ಮ ಮಾತ್ರೆ ಚೀಲವನ್ನೇ ಮೇಜಿನ ಮೇಲೆ ಸುರಿಸಿದರು. ಒಂದೇ ಔಷಧಿ ಎರಡು ಹೆಸರಿನಲ್ಲಿ ಕೂತಿತ್ತು. ಒಂದನ್ನು ಉಳಿಸಿ ಮಿಕ್ಕವನ್ನು ನಿಲ್ಲಿಸಿ, ಮನೆಯಲ್ಲೂ ಅಳೆದು ತಂದು ತೋರಿಸಲು ಹೇಳಿದರು.

ಮೊನ್ನೆ ಊಟಕ್ಕೆ ಕುಳಿತ ಅತ್ತೆಯವರು ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಹಾಕಿದ್ದೀಯೋ, ಇಲ್ಲ ಡಬ್ಬಿ ತೋರಿಸಿ ಒಳಗಿಟ್ಟೆಯೋ?" ಎಂದರು. ನಾನು ಅಡುಗೆಮನೆಗೆ ಹೋಗಿ ಸಂತೋಷಕ್ಕೆ ಅತ್ತುಬಿಟ್ಟೆ.

ಆದಕಾರಣ, ತಾವೇ ಒಂದು ದಿನ ಮೂರು ಮಹಡಿ ಹತ್ತಿ, ಸಾಲಿನಲ್ಲಿ ಅತ್ತೆಯವರ ಮುಂದೆ ನುಸುಳಿ, ಚೆನ್ನಾಗಿ ಬೈಸಿಕೊಂಡು, ಆ ಕ್ಷಣವೇ ತಮ್ಮ ಪಟ್ಟಿಯನ್ನು ತಮಗೇ ಸುತ್ತಿಕೊಂಡು ನೋಡಬೇಕಾಗಿ ವಿನಂತಿ. ಅಂಕಿ ಏರಿದ್ದರೆ ಉಳಿದ ಮಾತ್ರೆಗಳನ್ನೆಲ್ಲ ತಮಗೇ ಸಮರ್ಪಿಸುತ್ತೇವೆ.

ತಮ್ಮ ವಿಶ್ವಾಸಿ,
ಬೈಗುಳ ಮರಳಿ ಪಡೆದ ಸೊಸೆ

ಮರೆತ ಮಾತು: ಅತ್ತೆಯವರು ಚೇತರಿಸಿಕೊಂಡಾಗಿನಿಂದ ನನ್ನ ತಲೆ ಸಿಡಿಯುತ್ತಿರುವುದರಿಂದ ಸೋಮವಾರ ನನ್ನ ತೋಳನ್ನೂ ತರುತ್ತಿದ್ದೇನೆ. ಅಳೆಯುವ ಮೊದಲು ದಯವಿಟ್ಟು ಸ್ವಲ್ಪ ಹೊತ್ತು ಕೂರಲು ಬಿಡಿ. ಜೊತೆಗೆ ಬಂದೇ ಬರುತ್ತೇನೆಂದು ಹಟ ಹಿಡಿದವರನ್ನು ಮಾತ್ರ ಹೊರಗೆ ಕೂರಿಸಿ.