ಹತ್ತೆಂಟು ಆಡಿನ ದುಂಡವ್ವ

ಅಕ್ಷರವನ್ನು ನಂಬಬಾರದು, ಅಂಕಿಯನ್ನು ಮಾತ್ರ ನಂಬಬೇಕು ಎಂದು ವಿಜಾಪುರದ ಜಾನುವಾರು ಸಂಖ್ಯಾಶುದ್ಧಿ ಕಚೇರಿ ೧೯೬೩ರಲ್ಲಿ ತೀರ್ಮಾನಿಸಿತು. ಯಾರೇ ಬಾಯಿಂದ ಹೇಳಿದ ಸಂಖ್ಯೆಯನ್ನು, ಹೇಳಿದ ಕ್ರಮದಲ್ಲೇ, ಕೂಡಿಸದೆ ಕಳೆಯದೆ ಅಂಕಿಗೆ ತಿರುಗಿಸತಕ್ಕದ್ದು. ನಿಯಮ ರಚಿಸಿದವರು ಗುರುಪಾದಯ್ಯ ಸಾಹೇಬರು. ಪಾಲಿಸಿದವನು ಗುಮಾಸ್ತ ಶಿವಶರಣಪ್ಪ. ಪಾಲಿಸುವುದರಲ್ಲಿ ಅವನಿಗೆ ದಯೆ ದಾಕ್ಷಿಣ್ಯ ಇರಲಿಲ್ಲ.

ಅವನು ಸಾರವಾಡಕ್ಕೆ ಬಂದಾಗ ದುಂಡವ್ವ ಹಾಲು ಹಿಂಡುತ್ತಿದ್ದಳು.

"ಆಡು ಎಷ್ಟ ಅದಾವಬೇ?"

ಇದ್ದದ್ದು ಎಂಟು. ಆದರೆ ಜೀವ ಇರುವುದನ್ನು ಎಣಿಸಿ ಹೇಳಿದರೆ ದೃಷ್ಟಿ ತಾಗುತ್ತದೆ. ಅಷ್ಟು ತಿಳಿಯದವಳಲ್ಲ ಅವಳು.

"ಅದಾವ ನೋಡಪಾ, ಹತ್ತೆಂಟು."

ಶಿವಶರಣಪ್ಪ ಹತ್ತು ಬರೆದ. ಅದರ ಮಗ್ಗುಲಿಗೆ ಎಂಟು ಬರೆದ. ೧೦೮.

ಮರುವಾರ ತಪಾಸಣೆಯಾಯಿತು. ಎಂಟು ಸಿಕ್ಕವು, ಉಳಿದ ನೂರನ್ನು ದುಂಡವ್ವ ಬಚ್ಚಿಟ್ಟಿದ್ದಾಳೆಂದು ಸಾಬೀತಾಯಿತು. ಅವು ಸಿಗುವವರೆಗೆ ಈ ಎಂಟನ್ನು, ತುಡುಗು ದನ ಕೂಡಿಹಾಕಲು ಊರಲ್ಲಿ ಹೊಸದಾಗಿ ಕಟ್ಟಿದ್ದ ಕೊಂಡವಾಡದೊಳಗೆ ಹೊಡೆದರು.

ದುಂಡವ್ವ ಬಸ್ಸು ಹತ್ತಿ ಕಚೇರಿಗೆ ಬಂದಳು.

"ಯಪ್ಪಾ, ಹತ್ತೆಂಟು ಅಂದ್ರ ಒಂದಿಷ್ಟು ಅಂತ. ನಿಮ್ಮವ್ವ ಎಂದೂ ಅಂದಿಲ್ಲೇನು?"

"ನಮ್ಮವ್ವನ ಹೇಳಿಕಿ ದಫ್ತರದಾಗ ಇಲ್ಲಬೇ. ನಿಂದೈತಿ."

"ಮೊಮ್ಮಗಳು ಹಾಲಿಗೆ ಅಳಾಕತ್ತಾಳೋ. ಯಾವಾಗ ಬಿಡ್ತೀರಿ?"

"ನಾಕೈದು ದಿನ ತಡಿ," ಎಂದ ಶಿವಶರಣಪ್ಪ. ಎಂದವನೇ ನಾಲಗೆ ಕಚ್ಚಿಕೊಂಡು, ಪ್ರಾಮಾಣಿಕವಾಗಿ, ೪೫ ಎಂದು ಬರೆದುಕೊಂಡ.

ದುಂಡವ್ವನಿಗೆ ಕಾಯಿದೆ ಅರ್ಥವಾಯಿತು.

ಕೊಂಡವಾಡದ ಉದ್ಘಾಟನೆಗೆ ಸಾಹೇಬರು ಸಾರವಾಡಕ್ಕೆ ದಯಮಾಡಿಸಿದರು. ಒಳಗಿನಿಂದ ಎಂಟೂ ಆಡು ಸ್ವಾಗತ ಕೋರಿದವು. ಹಾರ ಹಾಕಿಸಿಕೊಂಡು ಸಾಹೇಬರು ಗಂಟಲು ಸರಿಮಾಡಿಕೊಂಡರು. "ಈ ಸಂದರ್ಭದಲ್ಲಿ ಒಂದೆರಡು ಮಾತು ಹೇಳಬಯಸುತ್ತೇನೆ."

"ಬರಕೋಳಪಾ!" ಮುಂದೆ ಕುಳಿತ ದುಂಡವ್ವ ಶಿವಶರಣಪ್ಪನಿಗೆ ಕೂಗಿ ಹೇಳಿದಳು. "ಸಾಹೇಬ್ರು ತಮ್ಮ ಬಾಯಿಂದನ ಹೇಳ್ಯಾರ."

ಶಿವಶರಣಪ್ಪ ೧೨ ಎಂದು ಬರೆದುಕೊಂಡು, ಸಾಹೇಬರ ಒಂದೊಂದು ಪದಕ್ಕೂ ಬೆರಳು ಮಡಚುತ್ತ ನಿಂತ.

"ಕಾಯಿದೆ ಎಲ್ಲರಿಗೂ ಒಂದೇ," ಎಂದರು ಸಾಹೇಬರು. "ಉಳಿದ ನೂರು ಸಿಗುವ ಮುನ್ನವೇ ದುಂಡವ್ವನ ಆಡು ಬಿಡಬೇಕೆಂಬುದು ಸರ್ಕಾರದ ಅಭಿಪ್ರಾಯ..."

"ಹನ್ನೆರಡು ಮಾತು ಆದೂರಿ ಸಾಹೇಬ್ರ," ಎಂದ ಶಿವಶರಣಪ್ಪ.

ಸಾಹೇಬರ ಬಾಯಲ್ಲಿ "ಅಲ್ಲ" ಎಂಬುದೊಂದು ಉಳಿದಿತ್ತು. ಅದು ಹದಿಮೂರನೆಯದು. ನಿಯಮ ಅವರದೇ. ಅದನ್ನು ನುಂಗಿ, ನೀರು ಕುಡಿದು ಕುಳಿತರು. ಜನ ಚಪ್ಪಾಳೆ ತಟ್ಟಿದರು. ಸರ್ಕಾರದ ಅಭಿಪ್ರಾಯದಂತೆ ಕೊಂಡವಾಡದ ಬಾಗಿಲು ತೆರೆಯಿತು.

ಆಡು ಹೊಡೆದುಕೊಂಡು ಹೊರಟ ದುಂಡವ್ವನನ್ನು ಶಿವಶರಣಪ್ಪ ತಡೆದ. "ಉಳಿದ ನೂರು?"

"ಅಲ್ಲೇ ಎಲ್ಲೋ ಮೇಯಾಕತ್ತಾವ ಬಿಡೋ. ಒಂದೆರಡು ತಾಸಿನಾಗ ಬರ್ತಾವ."

ಅವನು ಹನ್ನೆರಡು ತಾಸು ಎಂದು ಬರೆದುಕೊಂಡು ಕೊಂಡವಾಡದ ಬಾಗಿಲಲ್ಲೇ ಕಾಯುತ್ತ ಕುಳಿತ. ದಾರಿಹೋಕರು "ಬಂದಾವೇನ್ರಿ?" ಎಂದು ಕೇಳಿ ಮುಂದೆ ಹೋದರು. ದುಂಡವ್ವ ಅವನಿಗೂ ಹಾಲು ಕಳಿಸಿದಳು. ಎಷ್ಟೆಂದು ಮಾತ್ರ ಹೇಳಿ ಕಳಿಸಲಿಲ್ಲ.